ತೊಲೆಯ ತುದಿ

ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಈಗ ಶಿವಮೊಗ್ಗದಲ್ಲಿ ಮನೆ ಕೊಳ್ಳುವವರಿಗೆ ಮನೆ ಪರೀಕ್ಷೆ ಮಾಡಿಕೊಡುವ ಕೆಲಸ ಶುರು ಮಾಡಿದ್ದಾಳೆ. ಹೋದ ತಿಂಗಳು ಫೋನು ಮಾಡಿ, "ಆಂಟಿ, ಗೋಡೆ ಒಳಗೆ ತೂರಿಸಿ ನೋಡೋ ಸಣ್ಣ ಕ್ಯಾಮೆರಾ ಬಂದಿದೆ, ಪೆನ್ಸಿಲ್‌ಗಿಂತ ತೆಳ್ಳಗಿದೆ, ಮೊಬೈಲಿಗೇ ಸಿಕ್ಕಿಸಬಹುದು. ತಗೊಂಡ್ರೆ ಉಪಯೋಗ ಆಗುತ್ತಾ?" ಎಂದು ಕೇಳಿದಳು. ಸಿಟ್ಟು ಬರುವಂಥ ಪ್ರಶ್ನೆಯೇ ಅಲ್ಲ. ಆದರೂ ಬಂತು. "ನನ್ನನ್ನ ಕೇಳಬೇಡ ಮಾರಾಯ್ತಿ, ಬೇರೆ ಯಾರನ್ನಾದ್ರೂ ಕೇಳು" ಎಂದು ಫೋನಿಟ್ಟೆ.

ಅದರ ಹಿಂದಿನ ದಿನವಷ್ಟೇ ನಮ್ಮ ಕಚೇರಿಯ ಹಳಬರೊಬ್ಬರು ತೀರಿಕೊಂಡ ಸುದ್ದಿ ಬಂದಿತ್ತು. ಕುಪ್ಪಗಡ್ಡೆ ಕಡೆಯ ಪರಿಚಯದವರೊಬ್ಬರು ಬೇರೆ ಯಾವುದೋ ಮಾತಿನ ನಡುವೆ, "ನಿಮ್ಮ ಆಫೀಸಲ್ಲಿ ಇದ್ರಲ್ಲ, ಕಡ್ಡಿ ಇನ್ಸ್‌ಪೆಕ್ಟ್ರು, ಹೋಗ್ಬಿಟ್ರಂತೆ" ಎಂದರು. ನಾನು "ಹೌದಾ" ಎಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಬಗ್ಗೆ ಸರಿಯಾಗಿ ಬರೆಯಬೇಕಾಗಿದ್ದ ಜಾಗದಲ್ಲಿ, ಬರೆಯಬೇಕಾಗಿದ್ದ ದಿನ ನಾನು ಬರೆಯಲಿಲ್ಲ. ಈಗ ಹೆಸರು ಹಾಕಿ ಮೆರೆಸಿದರೆ ಅವರಿಗೇನೂ ಆಗಬೇಕಾದ್ದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಜೂನಿಯರ್ ಎಂಜಿನಿಯರ್ ಆಗಿ ಶಿಕಾರಿಪುರದ ಕಚೇರಿಯೊಂದಕ್ಕೆ ಬಂದು ಸೇರಿದ್ದೆ. ಯಾವ ಇಲಾಖೆ ಎನ್ನುವುದು ಬೇಡ. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು, ಪ್ರೊಬೇಷನ್ ಬೇರೆ ಮುಗಿದಿರಲಿಲ್ಲ. ಅವರಿಗೆ ಆಗಲೇ ಐವತ್ತು ದಾಟಿತ್ತು. ಹುದ್ದೆ ವರ್ಕ್ ಇನ್ಸ್‌ಪೆಕ್ಟರ್. ಅಂದರೆ ಎಂಜಿನಿಯರಿಗಿಂತ ಕೆಳಗೆ, ಮೇಸ್ತ್ರಿಗಿಂತ ಮೇಲೆ, ಬೈಗುಳ ಮಾತ್ರ ಎರಡೂ ಕಡೆಯಿಂದ. ಶಿಕಾರಿಪುರ ಮತ್ತು ಸೊರಬ ಎರಡೂ ತಾಲ್ಲೂಕುಗಳಲ್ಲಿ ಸರ್ಕಾರ ಬಾಡಿಗೆಗೆ ಹಿಡಿದಿದ್ದ ಹಳೆಯ ಮನೆಗಳನ್ನು, ಎಂದರೆ ಅಂಗನವಾಡಿ, ಹಾಸ್ಟೆಲು, ದನದ ಆಸ್ಪತ್ರೆ ಇತ್ಯಾದಿ ನಡೆಯುತ್ತಿದ್ದ ಕಟ್ಟಡಗಳನ್ನು, ವರ್ಷಕ್ಕೊಮ್ಮೆ ನೋಡಿ ವಾಸಕ್ಕೆ ಯೋಗ್ಯ ಅಥವಾ ಅಲ್ಲ ಎಂದು ವರದಿ ಕೊಡುವುದು ಅವರ ಪಾಲಿನ ಕೆಲಸವಾಗಿತ್ತು. ಹಳ್ಳಿಗಳಲ್ಲಿ "ಇನ್ಸ್‌ಪೆಕ್ಟ್ರು ಬಂದ್ರು" ಎಂಬ ಸುದ್ದಿ ಹಬ್ಬಿದ ಕೂಡಲೇ ಪೊಲೀಸು ಎಂದುಕೊಂಡು ಕೆಲವರು ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು. ನೋಡಿದರೆ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡ ಬಡಕಲು ಮನುಷ್ಯ ಮುಂಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದಾರೆ.

ಚಪ್ಪಲಿ ಬಿಡದೆ ಅವರು ಯಾವ ಕಟ್ಟಡದೊಳಕ್ಕೂ ಕಾಲಿಡುತ್ತಿರಲಿಲ್ಲ. ದನದ ಆಸ್ಪತ್ರೆಯ ಸಗಣಿಯ ನೆಲಕ್ಕೂ ಬರಿಗಾಲಲ್ಲೇ. ನಾನು ಮೊದಲ ಸಲ ನೋಡಿ ನಕ್ಕಾಗ, "ಕಾಲಿಗೂ ಒಂಚೂರು ಗೊತ್ತಾಗ್ಲಿ ಮೇಡಂ, ಎಲ್ಲಾ ತಲೆಗೇ ಯಾಕೆ ಬಿಡೋದು" ಎಂದಿದ್ದರು. ನನ್ನ ವಯಸ್ಸು ಅವರ ಮಗಳ ವಯಸ್ಸು. ಆದರೂ ಮೇಡಂ ಬಿಟ್ಟು ಬೇರೆ ಮಾತೇ ಇಲ್ಲ. ನಾನು ಅವರನ್ನು ಇನ್ಸ್‌ಪೆಕ್ಟ್ರೇ ಎನ್ನುತ್ತಿದ್ದೆ.

ಅವರ ಊರು ಕ್ಯಾಸನೂರಿನ ಬದಿಯ ಹಳ್ಳಿ. ಚಿಕ್ಕಂದಿನಲ್ಲಿ ಮಂಗನ ಕಾಯಿಲೆ ಬಂದು, ಮನೆಯವರು ಆಸೆ ಬಿಟ್ಟ ಮೇಲೆ ಬದುಕಿದವರಂತೆ. ಆ ಕಾಯಿಲೆಯ ನಂತರ ಬಲಗೈ ಸಣ್ಣಗೆ ನಡುಗುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಮದುವೆಯಾದ ಮೇಲೆ ಕುಪ್ಪಗಡ್ಡೆಯಲ್ಲಿ ನೆಲೆನಿಂತಿದ್ದರು.

ಅವರ ಚೀಲದಲ್ಲಿ ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಮರಕ್ಕೆ ತೂತು ಕೊರೆಯುವ ಕೈಬೈರಿಗೆ, ಮತ್ತೆ ಹಳೆಯ ಕೊಡೆಯಿಂದ ಬಿಚ್ಚಿದ ಒಂದು ಕಡ್ಡಿ ಇರುತ್ತಿದ್ದವು. ಕಡ್ಡಿ ಇನ್ಸ್‌ಪೆಕ್ಟ್ರು ಎಂಬ ಹೆಸರು ಬಂದದ್ದು ಆ ಕೊಡೆಕಡ್ಡಿಯಿಂದ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೊಲೆಯ ಎರಡು ತುದಿಗಳೂ ಮಣ್ಣಿನ ಗೋಡೆಯೊಳಗೆ ಒಂದು ಮೊಳದಷ್ಟು ಹುದುಗಿರುತ್ತವೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲಗೆಯ ಮೇಲೆ ಒಂದಡಿ ದಪ್ಪ ಮಣ್ಣು. ಇದಕ್ಕೆ ಮುಚ್ಚಿಗೆ ಎನ್ನುತ್ತೇವೆ. ಕೆಳಗೆ ನಿಂತು ನೋಡಿದರೆ ತೊಲೆ ಆನೆಯ ಹಾಗೆ ಕಾಣುತ್ತದೆ. ಕೊಳೆಯುವುದು ಗೋಡೆಯೊಳಗಿನ ತುದಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಗೋಡೆಯ ಹತ್ತಿರ ಬೈರಿಗೆಯಿಂದ ಕಡ್ಡಿ ಹೋಗುವಷ್ಟು ತೂತು ಕೊರೆದು, ಕೊಡೆಕಡ್ಡಿಯನ್ನು ಓರೆಯಾಗಿ ಒಳಕ್ಕೆ ತಳ್ಳಿ, ಅದು ಎಲ್ಲಿ ತಡೆಯುತ್ತದೆ, ಎಲ್ಲಿ ಸಲೀಸಾಗಿ ಹೋಗುತ್ತದೆ ಎಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಕಡ್ಡಿ ಹೊರಗೆಳೆದು ತುದಿಯನ್ನು ಮೂಸುತ್ತಿದ್ದರು. ಕಡ್ಡಿ ಹಿಡಿದಷ್ಟು ಹೊತ್ತು ಆ ಕೈ ನಡುಗುತ್ತಿರಲಿಲ್ಲ. ಎಷ್ಟೋ ಸಲ ನಾನು ಬೇಕೆಂದೇ ಗಮನಿಸಿದ್ದೇನೆ.

ಮನೆಯ ಯಜಮಾನರ ಜೊತೆ ಅವರದು ಹೆಚ್ಚು ಮಾತಿಲ್ಲ. ಒಳಗೆ ಹೋದವರೇ ಕಸ ಗುಡಿಸುವವರನ್ನು ಹುಡುಕುತ್ತಿದ್ದರು. "ಯಾವ ಮೂಲೇಲಿ ಜಾಸ್ತಿ ಹುಡಿ ಬೀಳುತ್ತೆ? ಎಲ್ಲಿ ಸುಣ್ಣ ನಿಲ್ಲಲ್ಲ?" ಎಂದು ಕೇಳುತ್ತಿದ್ದರು. ಮನೆಯ ಕಾಯಿಲೆ ಪೊರಕೆ ಹಿಡಿದವರಿಗೆ ಮೊದಲು ಗೊತ್ತಾಗುತ್ತದೆ ಎಂದು ಅವರ ಲೆಕ್ಕ. ಚಂದ್ರಗುತ್ತಿಯ ಅಂಗನವಾಡಿಯೊಂದರಲ್ಲಿ ಆಗಷ್ಟೇ ಸುಣ್ಣ ಹೊಡೆದ ಗೋಡೆ ನೋಡಿ ನಾನು ಚೆನ್ನಾಗಿದೆ ಎಂದುಬಿಟ್ಟಿದ್ದೆ. ಅವರು ಗುಡಿಸುವಾಕೆಯೊಂದಿಗೆ ಹತ್ತು ನಿಮಿಷ ಮಾತಾಡಿ, ಗೋಡೆಗೆ ಅಂಗೈ ಇಟ್ಟು ನಿಂತು, "ಮಕ್ಕಳನ್ನ ಇವತ್ತೇ ಆಚೆ ಜಗಲಿಗೆ ಕೂರ್ಸಿ" ಎಂದು ಬರೆದುಕೊಟ್ಟರು. ಎರಡು ತಿಂಗಳಿಗೆ ಆ ಗೋಡೆ ಕುಸಿದು ಕೂತಿತು. ಇನ್ನೊಬ್ಬರಾಗಿದ್ದರೆ ಕಚೇರಿ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಇವರು ಬಸ್ಸು ಹತ್ತಿ ಹೋಗಿ, ಬಿದ್ದ ಗೋಡೆ ನೋಡಿ, ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರು. "ಇನ್ನೂ ಒಂದು ವರ್ಷ ನಿಲ್ಬೋದು ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದರು.

ಇಂಥ ಮನುಷ್ಯನ ಬದುಕು ಸೊರಬದ ಒಂದು ಮನೆಯಲ್ಲಿ ಮುಗಿಯಿತು.

ಪೇಟೆಯ ಒಳಬೀದಿಯ ದೊಡ್ಡ ಮನೆ ಅದು. ಮುಂದಿನ ಅರ್ಧದಲ್ಲಿ ಯಜಮಾನರ ಸಂಸಾರ, ಹಿಂದಿನ ಅರ್ಧದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು. ಹಾಸ್ಟೆಲಿನ ಊಟದ ಕೋಣೆಯ ನಡುವೆ ಒಂದೇ ಒಂದು ದಪ್ಪ ತೊಲೆ. ಅದರ ಒಂದು ತುದಿ ಹೊರಗೋಡೆಯೊಳಗೆ. ಆ ಗೋಡೆಯ ಆಚೆ ಬದಿಗೆ ಹಾಸ್ಟೆಲ್ ಬಂದ ಮೇಲೆ ಬಚ್ಚಲು ಕಟ್ಟಿಸಿದ್ದರು. ಮೂವತ್ತು ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ಸ್ನಾನ ಮಾಡಿದ ನೀರು ಆರೇಳು ವರ್ಷ ಆ ಮಣ್ಣಿನ ಗೋಡೆಗೆ ಎರಚಿದೆ.

ಅಡುಗೆಯಾಕೆ ವಿಧವೆ, ಹಾಸ್ಟೆಲಿನಲ್ಲೇ ಇರುತ್ತಿದ್ದರು. ಹುಡುಗಿಯರಿಗೆಲ್ಲ ಅಕ್ಕ. ನಮ್ಮ ಇನ್ಸ್‌ಪೆಕ್ಟರನ್ನು ಅವರು ಅಣ್ಣ ಎನ್ನುತ್ತಿದ್ದರು. ಹೋದಾಗಲೆಲ್ಲ ಅವರಿಗೆ ಚಹಾ ಕೊಡುವಾಗ ಅರ್ಧ ಲೋಟವೇ ತುಂಬಿಸಿ ಕೊಡುತ್ತಿದ್ದರು, ಕೈ ನಡುಗಿದರೆ ಚೆಲ್ಲದಿರಲಿ ಎಂದು. ಆ ವರ್ಷ ನಾವು ಹೋದಾಗ ಇವರು ಎಂದಿನಂತೆ ಹುಡಿಯ ಬಗ್ಗೆ ಕೇಳಿದರು. "ತೊಲೆ ಕೆಳಗೆ ದಿನಾ ಕಾಫಿಪುಡಿ ತರ ಬೀಳ್ತಿತ್ತು ಅಣ್ಣ, ಬಡಿಸೋಕೆ ಮುಂಚೆ ಒರೆಸೋದೇ ಒಂದು ಕೆಲಸ ಆಗಿತ್ತು. ಈಗೊಂದು ಹದಿನೈದು ದಿನ ಆಯ್ತು, ಏನೂ ಬೀಳಲ್ಲ. ಪುಣ್ಯ" ಎಂದರು ಅಕ್ಕ.

ಇನ್ಸ್‌ಪೆಕ್ಟರ ಮುಖ ಬಿಳಿಚಿಕೊಂಡಿತು. ಅಕ್ಕ ಒಳಗೆ ಹೋದ ಮೇಲೆ ನನ್ನ ಕಿವಿಯ ಹತ್ತಿರ, "ಹುಡಿ ಬೀಳೋವರೆಗೂ ಒಳಗೆ ಮರ ಇದೆ ಅಂತ ಮೇಡಂ. ನಿಂತ್ರೆ ಎಂತ ಅರ್ಥ? ಬೀಳೋಕೆ ಏನೂ ಉಳಿದಿಲ್ಲ" ಎಂದರು. ಆರು ಕಡೆ ಸಣ್ಣ ತೂತು ಕೊರೆದು ಕಡ್ಡಿ ಹಾಕಿದರು. ಗೋಡೆಯ ಹತ್ತಿರದ ತೂತಿನಲ್ಲಿ ಕಡ್ಡಿ ಗೇಣುದ್ದ ಹಾಗೇ ಒಳಗೆ ಹೋಯಿತು. ಮೂಸಿ, ನನಗೂ ಮೂಸಲು ಕೊಟ್ಟರು. ಒದ್ದೆ ಅಣಬೆಯ ವಾಸನೆ.

ಕಟ್ಟಡ ಅಪಾಯದಲ್ಲಿದೆ, ತಕ್ಷಣ ಖಾಲಿ ಮಾಡಿಸಬೇಕು ಎಂದು ವರದಿ ಬರೆದರು. ನಮ್ಮ ಸಾಹೇಬರು ಅದರ ಅಂಚಿನಲ್ಲಿ "ಆಧಾರವೇನು?" ಎಂದು ಬರೆದು ವಾಪಸ್ ಕಳಿಸಿದರು. ಇವರು ಪ್ರಾಮಾಣಿಕವಾಗಿ, "ಕಡ್ಡಿಗೆ ಬಂದ ವಾಸನೆ" ಎಂದು ಉತ್ತರ ಬರೆದರು. ಒಂದು ವಾರ ಕಚೇರಿಯಲ್ಲಿ ಅದೇ ನಗೆ. ಗುಮಾಸ್ತರು ಊಟದ ಡಬ್ಬಿ ತೆರೆದಾಗಲೆಲ್ಲ ಕಡ್ಡಿ ಹಾಕಿ ಮೂಸಿನೋಡಿ ಎನ್ನುವರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮನೆಯ ಯಜಮಾನರು ಕೆಟ್ಟವರಲ್ಲ. ನಯವಾದ ಮಾತು, ಬಂದವರಿಗೆ ಉಪಚಾರ. ಅವರ ಮಗನಿಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. "ಬೀಳೋ ಮನೆ ಅಂತ ಸರ್ಕಾರದೋರೇ ಬರೆದಿಟ್ರೆ ನಮ್ಮನೆಗೆ ಯಾರ್ರೀ ಹೆಣ್ಣು ಕೊಡ್ತಾರೆ? ನಮ್ಮಜ್ಜ ಇಟ್ಟ ತೊಲೆ. ನಾಲ್ಕು ಜನ ಅಪ್ಪಿದ್ರೂ ಸುತ್ತು ಬರಲ್ಲ ಅಂಥಾ ಮರದ್ದು" ಎಂದು ಸಾಹೇಬರ ಹತ್ತಿರ ಹೇಳಿಕೊಂಡಿದ್ದರು. ನಾವು ಎರಡನೆಯ ಸಲ ಹೋಗುವಷ್ಟರಲ್ಲಿ ತೊಲೆಗೆಲ್ಲ ದಪ್ಪಗೆ ಗೇರೆಣ್ಣೆ ಬಳಿಸಿಬಿಟ್ಟಿದ್ದರು. ಮರಕ್ಕೆ ಒಳ್ಳೆಯದೆಂದು ಎಲ್ಲರೂ ಬಳಿಸುವುದೇ. ಆದರೆ ಗೇರೆಣ್ಣೆಯ ಘಾಟಿನಲ್ಲಿ ಬೇರೆ ಯಾವ ವಾಸನೆಯೂ ಉಳಿಯುವುದಿಲ್ಲ. ಇವರು ಕಡ್ಡಿ ಮೂಸಿದರು, ಒರೆಸಿ ಮತ್ತೆ ಮೂಸಿದರು, ಆಮೇಲೆ ಏಣಿಯ ಮೇಲಿಂದಲೇ ನನ್ನ ಕಡೆ ತಿರುಗಿದರು. "ಕಣ್ಣಿಗೆ ತೋರಿಸ್ಬೇಕು ಮೇಡಂ. ತೋರಿಸಿದ್ರೆ ಮಾತ್ರ ನಂಬ್ತಾರೆ. ಗೋಡೆ ಒಳಗೆ ಕಣ್ಣು ಹೋಗಬೇಕು" ಎಂದರು. ಕೆಳಗೆ ಹುಡುಗಿಯರು ತಟ್ಟೆ ಹಿಡಿದುಕೊಂಡು ಸಾಲಾಗಿ ಕೂರುತ್ತಿದ್ದರು.

ಆಮೇಲೆ ಅವರಿಗೆ ಅದೊಂದೇ ಹುಚ್ಚು ಹಿಡಿಯಿತು. ಬೇರೆ ಕೆಲಸದ ಮೇಲೆ ಹೋದರೂ ದಾರಿಯುದ್ದಕ್ಕೂ ಅದೇ ಮಾತು. ಡಾಕ್ಟರು ಹಲ್ಲು ನೋಡುವ ಕನ್ನಡಿಯನ್ನು ತಂತಿಗೆ ಕಟ್ಟಿ ನೋಡಿದರು, ಬೆಳಕು ಹೋಗಲಿಲ್ಲ. ಕೊನೆಗೆ ಶಿಕಾರಿಪುರದ ಖಾಸಗಿ ಡಾಕ್ಟರೊಬ್ಬರ ಬಳಿ ಹೊಟ್ಟೆಯೊಳಗೆ ಇಳಿಸಿ ನೋಡುವ ಹಳೆಯ ಕೊಳವೆ ಇರುವುದು ಗೊತ್ತಾಗಿ ಅಲ್ಲಿಗೆ ಹೋಗಿ ಕೂತರು. ಡಾಕ್ಟರು ಹೊಸದು ತರಿಸಿಕೊಂಡು ಹಳೆಯದನ್ನು ಮೂಲೆಗಿಟ್ಟಿದ್ದರು. "ಅಲ್ರೀ, ಇದು ಮನುಷ್ಯರ ಹೊಟ್ಟೆಗೆ ಹಾಕೋದು, ಗೋಡೆಗಲ್ಲ. ಒಳಗಿನ ಗಾಜಿನ ಎಳೆ ಅರ್ಧ ಸತ್ತಿದೆ, ನೋಡಿದ್ರೆ ಕಪ್ಪು ಚುಕ್ಕಿ ಕಾಣುತ್ತೆ" ಎಂದು ಡಾಕ್ಟರು ಹೇಳಿದರೂ ಇವರು ಎದ್ದು ಬರಲಿಲ್ಲ. ಮೂರು ದಿನ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತಿದ್ದಕ್ಕೆ ಡಾಕ್ಟರು ಬೇಸತ್ತು ಕೊಟ್ಟರು. ಒಂದು ಮಧ್ಯಾಹ್ನದ ಮಟ್ಟಿಗೆ ಎಂಬ ಕರಾರು.

ಕೊಳವೆಯನ್ನೂ ಅದಕ್ಕೆ ಬೆಳಕು ಕೊಡುವ ಕರೆಂಟಿನ ಪೆಟ್ಟಿಗೆಯನ್ನೂ ತೊಡೆಯ ಮೇಲಿಟ್ಟುಕೊಂಡು ಸೊರಬದ ಬಸ್ಸಿನಲ್ಲಿ ಹೋದೆವು. ತೊಲೆಯ ಪಕ್ಕದಲ್ಲಿ, ಅದು ಗೋಡೆಯೊಳಗೆ ನುಗ್ಗುವ ಕಡೆ, ಬೆರಳು ಗಾತ್ರದ ಏಳನೆಯ ತೂತು ಕೊರೆದರು. ಕರೆಂಟು ಹೋಗಿತ್ತು, ಬರುವವರೆಗೆ ಕಾದೆವು. ಬಂದ ಮೇಲೆ ಕೊಳವೆ ಒಳಗೆ ಬಿಟ್ಟು ಅವರು ಮೊದಲು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಏಣಿ ಇಳಿದು, "ನೀವು ನೋಡಿ" ಎಂದರು.

ನಾನು ಏಣಿ ಹತ್ತಿ ಕಣ್ಣಿಟ್ಟೆ. ದುಂಡಗಿನ ಬೆಳಕಿನಲ್ಲಿ ಕಪ್ಪು ಚುಕ್ಕಿಗಳು ಚೆಲ್ಲಿಕೊಂಡಿದ್ದವು. ಒಂದು ನಿಮಿಷದಲ್ಲಿ ಕಣ್ಣಿಗೆ ಅಭ್ಯಾಸವಾಗಿ ಚುಕ್ಕಿಗಳ ನಡುವಿನದು ಕಾಣತೊಡಗಿತು. ಒದ್ದೆ ಮಣ್ಣು. ಬಿಳಿ ಬೂಷ್ಟಿನ ಎಳೆಗಳು. ನಶ್ಯದಂಥ ಕಂದು ಪುಡಿಯ ರಾಶಿ. ತೊಲೆ ಇರಬೇಕಾದ ಜಾಗದಲ್ಲಿ ತೊಲೆ ಇರಲಿಲ್ಲ. ಅಂಚಿನಲ್ಲಿ ಬಳಪದ ಹಲಗೆಯಷ್ಟು ತೆಳ್ಳಗಿನ ಒಂದು ಸಿಪ್ಪೆ ಮಾತ್ರ ಗೋಡೆಗೆ ತಾಗಿ ನಿಂತಿತ್ತು. ಅವರು ಕೆಳಗಿನಿಂದ ಏಣಿ ಹಿಡಿದುಕೊಂಡು, "ಕಾಣ್ತಾ ಮೇಡಂ?" ಎಂದರು. "ಕಾಣ್ತು" ಎಂದೆ. ಆ ಕ್ಷಣ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆತಿಲ್ಲ.

ಸಾಹೇಬರು ಜೀಪಿನಲ್ಲಿ ಬೇರೆ ಕೆಲಸಕ್ಕೆ ಸೊರಬಕ್ಕೆ ಬಂದಿದ್ದರು. ಇವರು ಓಡಿಹೋಗಿ ಕೈಮುಗಿದು ಕರೆತಂದರು. ಸಾಹೇಬರು ಒಳಗೆ ಬರುತ್ತ ನನ್ನ ಕಡೆ ನೋಡಿ ಸಂತೋಷದಿಂದಲೇ, "ನಿಮ್ಮ ಪ್ರೊಬೇಷನ್ ಕಾಗದ ಈ ವಾರ ಕಳಿಸಿಬಿಡ್ತೀನಮ್ಮ" ಎಂದರು. ಯಜಮಾನರು ಹಿಂದೆಯೇ ಇದ್ದರು. ಸಾಹೇಬರು ಏಣಿಯ ಎರಡು ಮೆಟ್ಟಿಲು ಹತ್ತಿ, ಅರ್ಧ ನಿಮಿಷ ಕಣ್ಣಿಟ್ಟರು. ಇನ್ಸ್‌ಪೆಕ್ಟರು ಹಿಡಿದಿದ್ದ ಕೊಳವೆ ಸಣ್ಣಗೆ ನಡುಗುತ್ತಿತ್ತು. ಕಡ್ಡಿ ಹಿಡಿದರೆ ನಡುಗದ ಕೈ ಅದನ್ನು ಹಿಡಿದು ನಡುಗಿತು.

"ಏನ್ರೀ ಇದು, ಬರೀ ಕಪ್ಪು ಚುಕ್ಕಿ. ಅಲ್ಲಾಡ್ತಾ ಬೇರೆ ಇದೆ" ಎಂದು ಸಾಹೇಬರು ಇಳಿದರು. ನನ್ನ ಕಡೆ ತಿರುಗಿ, "ನೀವು ಓದಿದೋರು. ನಿಮಗೇನು ಕಾಣ್ತು?" ಎಂದು ಕೇಳಿದರು.

ಇನ್ಸ್‌ಪೆಕ್ಟರು ನನ್ನನ್ನು ನೋಡುತ್ತಲೂ ಇರಲಿಲ್ಲ. ಕೊಳವೆ ಸುತ್ತಿಡುತ್ತಿದ್ದರು. ನಾನು ಏನು ಹೇಳುತ್ತೇನೆ ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

"ಸ್ಪಷ್ಟವಾಗಿ ಕಾಣಲಿಲ್ಲ ಸಾರ್" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಪ್ರೊಬೇಷನ್ನು, ಸಾಹೇಬರು, ಇಡೀ ಕಚೇರಿಯಲ್ಲಿ ಒಬ್ಬಳೇ ಹೆಂಗಸು, ಎಲ್ಲ ನಿಜ. ಒಂದೊಂದಾಗಿ ಹೇಳಿಕೊಂಡರೆ ನಾಚಿಕೆಯಾಗುತ್ತದೆ, ಅಷ್ಟು ಸಣ್ಣ ಕಾರಣಗಳು. ಹೇಡಿತನ ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ನನ್ನನ್ನು ಬೈಯಲಿಲ್ಲ. ಪೆಟ್ಟಿಗೆ ತಬ್ಬಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅರ್ಧ ದಾರಿ ದಾಟಿದ ಮೇಲೆ, "ಮೊದಲನೇ ಸಲ ಕಾಣ್ತು ಅಂದ್ರಿ" ಎಂದರು. "ಆಮೇಲೆ ಯೋಚನೆ ಮಾಡಿದೆ ಇನ್ಸ್‌ಪೆಕ್ಟ್ರೇ, ಚುಕ್ಕಿಗಳೇ ಇರಬಹುದು ಅನ್ನಿಸ್ತು" ಎಂದೆ. ಅವರು ತಲೆಯಾಡಿಸಿದರು. ಆ ತಲೆಯಾಡಿಸಿದ್ದು ಒಪ್ಪಿಕೊಂಡ ಹಾಗಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು.

ಮಾರನೆಯ ದಿನ ಅವರು ರಜೆ ಹಾಕಿ, ಸಾಮಿಲ್ಲಿನಿಂದ ಒಂದು ನಂದಿ ಮರದ ಕಂಬ ಹೊಂದಿಸಿಕೊಂಡು ಗಾಡಿಯಲ್ಲಿ ಹಾಸ್ಟೆಲಿಗೆ ಒಯ್ದರು. ಅಡುಗೆಯ ಅಕ್ಕ ಕಂಬ ಎತ್ತಿಕೊಟ್ಟರಂತೆ. ತೊಲೆಯ ತುದಿಯ ಕೆಳಗೆ ಅದನ್ನು ನಿಲ್ಲಿಸಿ, ಸಂದಿಗೆ ಬೆಣೆ ಹೊಡೆದು ಬಂದರು. "ಇದನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಡಬೇಡಮ್ಮ" ಎಂದು ಅಕ್ಕನಿಗೆ ಹೇಳಿದ್ದರು. ನಾಲ್ಕು ತಿಂಗಳು ಆ ಕಂಬ ನಿಂತಿತ್ತು. ಹುಡುಗಿಯರು ಅದಕ್ಕೆ ಒರಗಿಕೊಂಡು ಊಟ ಮಾಡುತ್ತಿದ್ದರಂತೆ.

ದೀಪಾವಳಿಗೆ ಹುಡುಗಿಯರು ಊರಿಗೆ ಹೋಗಿದ್ದರು. ಯಜಮಾನರ ಮಗನ ನಿಶ್ಚಿತಾರ್ಥ ಗೊತ್ತಾಗಿ, ಊಟದ ಪಂಕ್ತಿಗೆ ಜಾಗ ಸಾಲದೆ ಹಾಸ್ಟೆಲಿನ ಕೋಣೆ ತೆರೆಸಿದರು. ಬೀಗರ ಎದುರಿಗೆ ತೊಲೆಗೆ ಕಂಬ ಕೊಟ್ಟ ಮನೆ ಎಂದು ಕಾಣಬಾರದಲ್ಲ. ಅಕ್ಕನೂ ಹಬ್ಬಕ್ಕೆ ಹೋಗಿದ್ದರು, ತಡೆಯುವವರಿರಲಿಲ್ಲ. ಕಂಬ ತೆಗೆದು ಹಿತ್ತಲಿಗೆ ಒರಗಿಸಿದರು. ನೂರಾರು ಜನ ಉಂಡು ಎದ್ದರು, ಏನೂ ಆಗಲಿಲ್ಲ. ಏನೂ ಆಗದ್ದರಿಂದ ಕಂಬ ವಾಪಸ್ ಇಡುವುದನ್ನೂ ಮರೆತರು. ಹಬ್ಬ ಮುಗಿಸಿ ಬಂದ ಅಕ್ಕ ಅಂದೇ ಕೇಳಿದ್ದಾರೆ. ಯಜಮಾನರು ನಾಳೆ ಇಡಿಸೋಣ ಎಂದಿದ್ದಾರೆ.

ಹುಡುಗಿಯರು ಬಂದ ಮೂರನೆಯ ದಿನ ಬೆಳಿಗ್ಗೆ, ಉಪ್ಪಿಟ್ಟು ತಿಂದು ಎಲ್ಲರೂ ಕೈತೊಳೆಯಲು ಎದ್ದು ಹೊರಗೆ ಹೋಗಿದ್ದರು. ಅಕ್ಕ ತಟ್ಟೆ ಎತ್ತುತ್ತಿದ್ದರು. ತೊಲೆ, ಜಂತೆ, ಹಲಗೆ, ಒಂದಡಿ ಮಣ್ಣು ಎಲ್ಲವೂ ಒಟ್ಟಿಗೆ ಬಂದವು. ಅಕ್ಕನನ್ನು ಹೊರತೆಗೆಯಲು ಮಧ್ಯಾಹ್ನವಾಯಿತು.

ಇನ್ಸ್‌ಪೆಕ್ಟರು ಸುದ್ದಿ ಕೇಳಿ ಹೋಗುವಷ್ಟರಲ್ಲಿ ಮಣ್ಣನ್ನೆಲ್ಲ ಬಾಚಿ ಗುಡ್ಡೆ ಹಾಕಿ, ಮರವನ್ನು ಕಡಿದು ಸೌದೆಗೆ ಸಾಗಿಸಿಯಾಗಿತ್ತು. ತುದಿಯ ತುಂಡು ಸಿಗುತ್ತದೇನೋ ಎಂದು ಅವರು ಸಂಜೆಯವರೆಗೆ ಕೈಯಲ್ಲಿ ಮಣ್ಣು ಕೆದಕಿದರಂತೆ. ಸಿಗಲಿಲ್ಲ. ಸಿಗುವುದಕ್ಕೆ ಅಲ್ಲಿ ತುದಿಯೇ ಇರಲಿಲ್ಲ, ಅದು ನನಗೆ ಗೊತ್ತಿತ್ತು.

ವಿಚಾರಣೆ ನಡೆಯಿತು. ಹೆಣ್ಣುಮಕ್ಕಳ ಹಾಸ್ಟೆಲು, ಒಂದು ಸಾವು, ಯಾರಾದರೂ ಒಬ್ಬರು ತಪ್ಪಿತಸ್ಥರು ಬೇಕಿತ್ತು. ಮೇಲಿನಿಂದ ಬಂದ ಅಧಿಕಾರಿ ನನ್ನನ್ನು ಕೂರಿಸಿಕೊಂಡು ಕೇಳಿದರು.

"ಈ ನೌಕರರು ತೊಲೆಯ ಭಾಗದಲ್ಲಿ ತೂತು ಕೊರೆದದ್ದು ನಿಜವೇ?"

"ನಿಜ."

"ಎಷ್ಟು?"

"ಏಳು."

"ಮೇಲಧಿಕಾರಿಯ ಲಿಖಿತ ಅನುಮತಿ ಇತ್ತೇ?"

"ಇಲ್ಲ."

"ತೊಲೆ ಮೊದಲೇ ಕೊಳೆತಿತ್ತು ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಾ?"

ಸಾಹೇಬರು ಕಿಟಕಿಯ ಬಳಿ ನಿಂತಿದ್ದರು. ನನ್ನ ಪ್ರೊಬೇಷನ್ ಆಗ ಮುಗಿದುಹೋಗಿತ್ತು, ಕಾಗದ ಕೈಸೇರಿತ್ತು. ಅಂದರೆ ಹೆದರಲು ಆ ಕಾರಣವೂ ಉಳಿದಿರಲಿಲ್ಲ. ಆದರೆ ಒಮ್ಮೆ ಕಾಣಲಿಲ್ಲ ಎಂದವಳು ಈಗ ಕಂಡಿದ್ದೆ ಎಂದರೆ ಅಕ್ಕನ ಸಾವು ಯಾರ ತಲೆಗೆ ಬರುತ್ತದೆ? "ಸ್ಪಷ್ಟವಾಗಿ ಕಾಣಲಿಲ್ಲ" ಎಂದೆ. ಬರೆದುಕೊಂಡರು. ಓದಿ ಹೇಳಿದರು. ಸಹಿ ಮಾಡಿದೆ.

ಅನುಮತಿಯಿಲ್ಲದೆ ಏಳು ಕಡೆ ಕೊರೆದು ತೊಲೆಯನ್ನು ದುರ್ಬಲಗೊಳಿಸಿದ್ದು ಕುಸಿತಕ್ಕೆ ಕಾರಣ ಎಂದು ವರದಿಯಾಯಿತು. ಅಂಥ ದಪ್ಪ ತೊಲೆ ಏಳು ಸಣ್ಣ ತೂತಿಗೆ ಬೀಳುವುದಿಲ್ಲ ಎಂದು ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗನಿಗೂ ಗೊತ್ತು. ವರದಿಗೆ ಸಹಿ ಹಾಕಿದವರೆಲ್ಲ ಎಂಜಿನಿಯರುಗಳೇ. ಇನ್ಸ್‌ಪೆಕ್ಟರನ್ನು ಮೊದಲು ಅಮಾನತು ಮಾಡಿದರು, ಆಮೇಲೆ ಕಡ್ಡಾಯ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರು. ಚೀಲವನ್ನು ಕಚೇರಿಯಲ್ಲೇ ಬಿಟ್ಟು ಹೋದರು.

ಎರಡು ವರ್ಷದ ಮೇಲೆ ಅವರ ಹೆಂಡತಿ ಪಿಂಚಣಿಯ ಕಾಗದಕ್ಕೆಂದು ಶಿಕಾರಿಪುರಕ್ಕೆ ಬಂದರು. ಕೆಲಸ ಮುಗಿದ ಮೇಲೂ ನನ್ನ ಮೇಜಿನ ಎದುರು ನಿಂತಿದ್ದರು. "ಒಂದ್ಸಲ ಬಂದು ಮಾತಾಡ್ಸಿ ಮೇಡಂ. ಮನೇಲಿ ಒಂದು ಮೊಳೆ ಹೊಡಿಯೋಕೂ ಬಿಡಲ್ಲ ಅವರು. ಗೋಡೆ ನೋವು ತಿನ್ನುತ್ತೆ ಅಂತಾರೆ. ಯಾರ ಮಾತೂ ಕೇಳಲ್ಲ. ನಿಮ್ಮ ಮೇಲೆ ಭಾಳ ನಂಬಿಕೆ" ಎಂದರು.

ಮುಂದಿನ ಭಾನುವಾರ ಕುಪ್ಪಗಡ್ಡೆಗೆ ಹೋದೆ. ಅವರ ಮನೆಯ ಗೋಡೆಗಳು ಬೋಳಾಗಿದ್ದವು. ಕ್ಯಾಲೆಂಡರು ನೆಲದ ಮೇಲೆ ಗೋಡೆಗೆ ಒರಗಿ ಕೂತಿತ್ತು, ಅದರ ಪಕ್ಕ ದೇವರ ಪಟಗಳು, ಅವುಗಳ ಪಕ್ಕ ಕನ್ನಡಿ. ಕನ್ನಡಿ ನೋಡಬೇಕಾದರೆ ಆ ಮನೆಯಲ್ಲಿ ನೆಲಕ್ಕೆ ಕೂರಬೇಕಿತ್ತು. ಬಟ್ಟೆಗಳು ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಅವರು ಇನ್ನಷ್ಟು ಬಡಕಲಾಗಿದ್ದರು. ಈಗ ಎರಡೂ ಕೈ ನಡುಗುತ್ತಿದ್ದವು.

ಹೆಂಡತಿ ಚಹಾ ಮಾಡಲು ಒಳಗೆ ಹೋದ ಮೇಲೆ ಅವರೇ ಮಾತು ತೆಗೆದರು.

"ಒಂದು ಕೇಳ್ಲಾ ಮೇಡಂ? ಸಿಟ್ಟಾಗಬಾರದು. ಅವತ್ತು ನಾನು ಕೊಳವೇಲಿ ನೋಡ್ದಾಗ ತುದಿ ಇರಲಿಲ್ಲ ಅಂತ ನನಗೆ ಅನ್ನಿಸ್ತು. ಆದ್ರೆ ನನ್ನ ಕೈ ನಡುಗ್ತಿತ್ತು. ಚುಕ್ಕಿ ಬೇರೆ. ಸಾಹೇಬ್ರಿಗೆ ಕಾಣಲಿಲ್ಲ, ಓದಿದೋರು ನಿಮಗೂ ಕಾಣಲಿಲ್ಲ. ಹಂಗಾದ್ರೆ ತೊಲೆ ಗಟ್ಟಿಯಾಗೇ ಇತ್ತೇನೋ. ನಾನೇ ಕೊರೆದು ಕೊರೆದು ಅದನ್ನ ಕೊಂದ್ನೇನೋ. ಆ ಹೆಣ್ಣುಮಗಳು ನನ್ನನ್ನ ಅಣ್ಣ ಅಂತಿದ್ಲು. ಕಂಬ ಎತ್ತಿಕೊಟ್ಟಿದ್ದು ಅವಳೇ. ರಾತ್ರಿ ಹಗಲು ಇದೇ ಆಗಿದೆ ನನಗೆ. ನನ್ನ ತೂತಿಂದ ಸತ್ಲಾ ಅವಳು?"

ನಾನು ಅವರ ಕೈ ಹಿಡಿದುಕೊಂಡೆ. "ಇಲ್ಲ ಇನ್ಸ್‌ಪೆಕ್ಟ್ರೇ. ತುದಿ ಇರಲಿಲ್ಲ. ಪೂರ್ತಿ ಹೋಗಿತ್ತು. ನಾನು ಕಂಡಿದ್ದೆ. ಚೆನ್ನಾಗಿ ಕಂಡಿದ್ದೆ. ಸುಳ್ಳು ಹೇಳಿದೆ" ಎಂದೆ.

ಅವರು ತಲೆಯೆತ್ತಿದರು. ಒಂದು ಗಳಿಗೆ ಆ ಮುಖ ಹಳೆಯ ಮುಖವಾಯಿತು, ಏಣಿಯ ಬುಡದಲ್ಲಿ ನಿಂತು ಕಾಣ್ತಾ ಎಂದು ಕೇಳಿದ ಮುಖ. "ನಿಜವಾ?" ಎಂದರು. "ಹಂಗಾದ್ರೆ ಅದನ್ನ ಬರೆದು ಕೊಡ್ತೀರಾ ಮೇಡಂ? ಎರಡು ಸಾಲು ಸಾಕು. ಯಾರಿಗೂ ತೋರಿಸಲ್ಲ. ಕೆಲಸ ವಾಪಸ್ ಬೇಡ ನನಗೆ. ಮನೇಲಿ ಇಟ್ಕೋತೀನಿ. ಮತ್ತೆ ಮತ್ತೆ ಓದ್ಕೋಬೋದು."

ನನ್ನ ಚೀಲದಲ್ಲಿ ಕಾಗದವೂ ಇತ್ತು, ಪೆನ್ನೂ ಇತ್ತು. ಕೈ ಚೀಲದೊಳಗೆ ಹೋಯಿತು. ಸಹಿ ಮಾಡಿದ ಹಳೆಯ ಹೇಳಿಕೆ ನೆನಪಾಯಿತು. ಅದರ ಎದುರಿಗೆ ಇಂಥದೊಂದು ಕಾಗದ ಯಾರ ಕೈಗಾದರೂ ಸಿಕ್ಕರೆ ಏನಾದೀತು ಎಂಬುದು ನೆನಪಾಯಿತು. ಕೈ ಒಳಗೇ ಉಳಿಯಿತು.

ಅವರು ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ಕೈ ಬಿಡಿಸಿಕೊಂಡರು.

"ಹೋಗ್ಲಿ ಬಿಡಿ ಮೇಡಂ" ಎಂದರು, ನನ್ನನ್ನೇ ಸಮಾಧಾನ ಮಾಡುವವರಂತೆ. "ನನ್ನ ಕಷ್ಟ ನೋಡಲಾರದೆ ಹೇಳಿದ್ರಿ. ನೀವು ಒಳ್ಳೇರು. ಸುಳ್ಳು ಬರೆಯೋರಲ್ಲ, ಅವತ್ತು ವಿಚಾರಣೇಲೂ ಬರೆದಿಲ್ಲ. ನನಗೆ ಗೊತ್ತಾಯ್ತು."

ಚಹಾ ಬಂತು. ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಅವರೇ ನೆನಪಿಸಿ, ಬಾಗಿಲವರೆಗೆ ಬಂದು ನಿಂತರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಇಷ್ಟು ವರ್ಷ ಅವರು ಆ ಬೋಳುಗೋಡೆಗಳ ನಡುವೆ ಬದುಕಿದ್ದರು. ನಾನು ಬಡ್ತಿ ಪಡೆದು, ಊರೂರು ಸುತ್ತಿ, ನಿವೃತ್ತಳಾದೆ.

ಈಗ ಬರೆದು ಕೊಡುತ್ತಿದ್ದೇನೆ. ಸೊರಬದ ಆ ಮನೆಯಲ್ಲಿ, ಕೊಳವೆಯ ಮೂಲಕ, ನಾನು ಕಣ್ಣಾರೆ ಕಂಡಿದ್ದೇನೆ. ತೊಲೆಯ ತುದಿ ಗೋಡೆಯೊಳಗೆ ಇರಲಿಲ್ಲ. ಅವರ ತೂತಿನಿಂದ ಯಾರೂ ಸಾಯಲಿಲ್ಲ. ಎರಡು ಸಾಲು ಸಾಕು ಎಂದಿದ್ದರು, ಇಷ್ಟು ಉದ್ದವಾಯಿತು. ಓದಿಕೊಳ್ಳಲು ಅವರಿಲ್ಲ.